ದೇವದೂತನ ಮೂಗು

"ಕೇಳ್ರಪ್ಪಾ ಮುಳ್ಳುಗಿರಿ ಸೀಮೆಯವರೆ. ದೊರೆ ಅರುಳರಾಜರ ಮೂರು ಒಗಟು ಬಿಡಿಸ್ದೋನಿಗೆ ಮಗಳು ಜಪಮಾಲೇನ ಕೊಟ್ಟು ಮದುವೆ, ಜೊತೆಗೆ ಕೇಳಿದ್ದೊಂದು ವರ. ತಪ್ಪು ಹೇಳ್ದೋನಿಗೆ ಇಗರ್ಜಿ ಹೊಸಿಲಿಂದ ಒಂದೇ ನೂಕು."

ತಮಟೆಯೋನು ಇಷ್ಟು ಕೂಗಿ, ಎಲೆಅಡಿಕೆ ಉಗಿದು ಮುಂದಕ್ಕೆ ಹೋದ.

ಅದು ನಿಮ್ಮನೆ ಹೊಸಿಲಂಗಲ್ಲ. ಇಗರ್ಜಿ ಕೊರೆದಿರೋದು ನೆಟ್ಟಗೆ ನಿಂತ ಬಂಡೆಯ ಹೊಟ್ಟೇಲಿ. ಹೋಗೋಕೆ ಮೊಳದಗಲದ ದಾರಿ. ಬಾಗಿಲಾಚೆ ಬರೀ ಗಾಳಿ. ಕೆಳಗೆ ನೋಡಿದ್ರೆ ಹಾರೋ ಹದ್ದಿನ ಬೆನ್ನು ಕಾಣ್ತದೆ.

ಸಂದ್ಯಾಗ ಅನ್ನೋ ಹುಡುಗ ಅಲ್ಲಿ ಕಲ್ಲಿನ ಚಕ್ಕೆ ಹೊರೋನು. ಪಾದ್ರಿಗಳ ಶಾಲೇಲಿ ಎರಡು ವರ್ಷ ಕೂತು, ಕೂರಕ್ಕಾಗದೆ ಎದ್ದು ಬಂದೋನು. ಅಂಗಾಲಿಗೆ ಇರುವೆ ಬಿಟ್ಟಂಗೆ ಯಾವಾಗಲೂ ಓಡಾಟ. ಈ ವಾರವಂತೂ ಊಟ, ನಿದ್ದೆ ಎರಡೂ ಇಲ್ಲ. ಅವನಣ್ಣ ರಾಯಪ್ಪ ಕಲ್ಲುಕುಟಿಗ. ಇಗರ್ಜಿ ಗೋಡೇಲಿ ದೇವದೂತನ ಮುಖ ಕೆತ್ತುವಾಗ ಸೀನು ಬಂದು, ಉಳಿ ಜಾರಿ, ಮೂಗನ್ನೇ ಹಾರಿಸಿಬಿಟ್ಟಿದ್ದ. ಭಾನುವಾರ ಅವನನ್ನೂ ನೂಕೋದು ಅಂತ ತೀರ್ಮಾನ. ಅದೂ ಪೂಜೆ ಮುಗಿದ ಮೇಲೆ. ಪೂಜೆಗೆ ಮುಂಚೆ ಕೊಂದ್ರೆ ಪಾಪವಂತೆ. ದೊರೆಗೆ ಭಕ್ತಿ ಜಾಸ್ತಿ.

ಶನಿವಾರ ಬೆಳಿಗ್ಗೆ ಇಗರ್ಜಿಯೊಳಗೇ ಸಭೆ. ಮೂಲೇಲಿ ರಾಯಪ್ಪನ್ನ ಕಟ್ಟಿ ಕೂರಿಸಿದ್ರು. ದೊರೆ ಕೇಳಿದ, "ಒಂದು ಮನೆಗೆ ಸೂರು ಮೊದಲಾಯ್ತು, ನೆಲ ಕೊನೆಗಾಯ್ತು. ಯಾವ ಮನೆ?"

ಒಬ್ಬ ಪಾಳೇಗಾರ ಮೀಸೆ ಸವರಿ, "ಗೀಜಗನ ಗೂಡು," ಅಂದ.

"ಅದಕ್ಕೆ ನೆಲ ಎಲ್ಲಯ್ಯಾ? ಕೆಳಗೆ ಬರೀ ತೂತು. ಕಟ್ರೋ ಇವನನ್ನ."

ಮುತ್ತಿನ ಸಾವ್ಕಾರ ಮುಂದೆ ಬಂದು, "ಅದು ಬ್ಯಾಡ, ಎರಡನೇದು ಕೇಳಿ," ಅಂದ. ಯಾಪಾರದ ಬುದ್ಧಿ ಎಲ್ಲಿ ಹೋಗ್ತದೆ.

"ಎಂಟು ಜನ ಬೆಟ್ಟ ಹೊತ್ತು ನಿಂತವ್ರೆ. ಅವರನ್ನ ಯಾರೂ ತಂದು ನಿಲ್ಲಿಸಿಲ್ಲ. ಯಾರವರು?"

"ರಾಕ್ಷಸರು."

"ನೋಡಿದ್ದೀಯಾ?"

"ಇಲ್ಲ."

ಅವನ ಕೈಗೂ ಹಗ್ಗ ಬಿತ್ತು. ಆಮೇಲೆ ಸಭೇಲಿ ಎಲ್ಲರಿಗೂ ತಮ್ಮ ತಮ್ಮ ಉಗುರು ನೋಡ್ಕೊಳೋ ಕೆಲಸ. ಸಂದ್ಯಾಗ ಮುಂದೆ ಬಂದ.

"ನೀನ್ಯಾರ್ಲಾ?"

"ಚಕ್ಕೆ ಹೊರೋನು ಬುದ್ಧಿ."

ಸಭೆ ನಕ್ಕಿತು. "ಮೊದ್ಲು ಕೂತ್ಕೊ," ಅಂದ ದೊರೆ.

"ಕೂರಕ್ಕಾಗಿದ್ರೆ ಪಾದ್ರಿಯಾಗ್ತಿದ್ದೆ. ಆ ಮನೆ ಇದೇ ಬುದ್ಧಿ. ಊರೆಲ್ಲ ತಳಪಾಯದಿಂದ ಮೇಲಕ್ಕೆ ಕಟ್ತದೆ. ಇಲ್ಲಿ ನಮ್ಮಜ್ಜ ಬಂಡೆ ಮೇಲ್ಗಡೆ ಕಿಟಕಿ ಕೊರೆದು, ಅದರಲ್ಲಿ ತೂರಿ ಮೊದಲು ಸೂರು ಕೆತ್ತಿದ. ಕೊರೀತಾ ಕೊರೀತಾ ನೆಲ ಸಿಕ್ಕಿದ್ದು ನಮ್ಮಪ್ಪನಿಗೆ. ಎಂಟು ಜನ ಅಂದ್ರೆ ಈ ಕಂಬಗಳು. ಇವನ್ನ ನಿಲ್ಲಿಸಿದ್ದಲ್ಲ. ಸುತ್ತ ಇದ್ದಿದ್ದನ್ನ ಹೊತ್ತು ಹಾಕಿದ್ವಿ, ಇವು ಉಳ್ಕೊಂಡ್ವು."

ನಗು ನಿಂತುಹೋಯ್ತು. ದೊರೆ ಮುಂದಕ್ಕೆ ಬಾಗಿದ. "ಕೂಸೂ ತೆಗೀಬೌದು. ಏಳು ಸೀಮೆ ದೊರೆ ನಾನು, ನಂಗೂ ವಾಪಸ್ ಹಾಕಕ್ಕಾಗಲ್ಲ. ಅದೇನು?"

ಹಾಲುಹಲ್ಲು ಅನ್ನೋದು ಸಂದ್ಯಾಗನ ನಾಲಿಗೆ ತುದಿಗೇ ಬಂತು, ನುಂಗ್ಕೊಂಡ. ಕಾಲು ನಿಲ್ಲಲಿಲ್ಲ. ಆ ಕಂಬದಿಂದ ಈ ಕಂಬಕ್ಕೆ ಹೋದ, ಬಂದ. ಭಟ ಇವನಿಗೂ ಅಂತ ಹಗ್ಗದ ಸುರುಳಿ ಬಿಚ್ಚೋಕೆ ಶುರುಮಾಡ್ದ. ಅಷ್ಟರಲ್ಲಿ ಹೆಬ್ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ಎತ್ಕೊಂಡ.

"ಇದೇ ಬುದ್ಧಿ. ಬಂಡೆ ಬಿಟ್ಟ ಚಕ್ಕೆ. ಸಾವಿರ ಬುಟ್ಟಿ ಹೊತ್ತಿದ್ದೀನಿ, ಒಂದನ್ನೂ ಯಾರೂ ವಾಪಸ್ ಕೂರಿಸಿದ್ದು ಕಾಣೆ."

ದೊರೆ ಉಸಿರು ಬಿಟ್ಟ. "ಸರಿ ಕಣಪ್ಪ. ವರ ಕೇಳು."

"ನಮ್ಮಣ್ಣನ್ನ ಬಿಡಿ. ಈ ಇಬ್ಬರನ್ನೂ."

"ನಿಮ್ಮಣ್ಣ ಮೂಗು ಕಳೆದವ್ನೆ."

"ಹೋಗಿದ್ದನ್ನ ಹಾಕಕ್ಕಾಗಲ್ಲ ಅಂತ ಈಗ ನೀವೇ ಅಂದ್ರಿ. ಅಣ್ಣನ ಜೀವ ಹೋದ್ರೆ ಅದನ್ನ ಹಾಕ್ತೀರಾ?"

ದೊರೆ ಗಡ್ಡ ಕೆರ್ಕೊಂಡ. ಜಪಮಾಲೆ ಸೆರಗು ಬಾಯಿಗಿಟ್ಕೊಂಡು ನಕ್ಕಳು. "ಒಪ್ಕೊಳಿ ಅಪ್ಪಾಜಿ. ಇವನನ್ನ ಕಟ್ಕೊಂಡ್ರೆ ಅರಮನೇಲಿ ಒಂದು ಕುರ್ಚಿ ಉಳೀತದೆ."

ಹಂಗೆ ಮದುವೆ ಗೊತ್ತಾಯ್ತು, ಮೂವರ ಹಗ್ಗವೂ ಬಿಚ್ಚಿದ್ರು. ದೊರೆಗೆ ಮಾತ್ರ ಸಮಾಧಾನವಿಲ್ಲ. ರಾಯಪ್ಪನನ್ನ ಗೋಡೆ ಹತ್ರ ಕರ್ಕೊಂಡು ಹೋಗಿ ತೋರಿಸ್ದ. "ಈ ಮೂಗಿಲ್ಲದೋನನ್ನ ಏನು ಮಾಡ್ಲಿ?"

ರಾಯಪ್ಪ ದೇವದೂತನ ಕೆನ್ನೆ ಮೇಲೆ ಬೆರಳಾಡಿಸ್ದ. "ಮುಖಾನೇ ನಾಕು ಬೆರಳು ಒಳಕ್ಕೆ ತಗೊಂಡು ಕೆತ್ತಿದ್ರಾಯ್ತು ಬುದ್ಧಿ. ಹೊಸ ಮೂಗು ಬರ್ತದೆ."

"ಇದನ್ನ ಅವತ್ತೇ ಹೇಳಬಾರದಿತ್ತೇನಯ್ಯಾ?"

"ನೀವು ಕೇಳ್ಲಿಲ್ಲ, ಕಟ್ಟಿಹಾಕಿದ್ರಿ."

"ಮತ್ತೆ ಸೀನು ಬಂದ್ರೆ?"

"ಬರ್ಲಿ ಬಿಡಿ," ಅಂದ ರಾಯಪ್ಪ, ಉಳಿ ಎತ್ಕೊಳ್ತಾ. "ಈ ಮುಖದ ಹಿಂದೆ ಇನ್ನೂ ಇಡೀ ಬೆಟ್ಟಾನೇ ಅದೆ."