ಹತ್ತು ಎಣಿಸಿದರೂ ಏಳದವನು

"ಗುರುಗಳೇ, ಗುಂಡು ಹಾರಿಸುವ ಆಟ ದೊಡ್ಡದೋ, ಕತೆ ನಡೆಸುವ ಆಟ ದೊಡ್ಡದೋ? ಬೇಗ ಹೇಳಿ!"

ಹುಲಿಗೆಪ್ಪ ಚಪ್ಪಲಿ ಬಿಡುವ ಮೊದಲೇ ಕೇಳಿಬಿಟ್ಟ. ಅವನ ಗುರು ಚನ್ನವೀರಯ್ಯ ಗಂಗಾವತಿಯಲ್ಲಿ ವಿಡಿಯೋ ಗೇಮಿನ ಜಾಯ್‌ಸ್ಟಿಕ್ ರಿಪೇರಿ ಮಾಡುವವರು. ಆ ಕೆಲಸವನ್ನು ಹುಲಿಗೆಪ್ಪ ಅವರ ಹತ್ತಿರವೇ ಕಲಿತಿದ್ದ. ಈಗ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದು ಅವನು ನಿನ್ನೆ ಕೊಟ್ಟುಹೋಗಿದ್ದ ತನ್ನದೇ ಜಾಯ್‌ಸ್ಟಿಕ್. ಗುಂಡು ಹಾರಿಸುವ ಬಟನ್ ಸವೆದು ಹೋಗಿತ್ತು.

"ಏನಪ್ಪ, ಬೆಂಕಿ ಬಿದ್ದಿದೆಯಾ ಎಲ್ಲಾದರೂ?"

"ಬಿದ್ದಂಗೇ ಗುರುಗಳೇ! ಭಾನುವಾರ ಹೊಸಪೇಟೆಯಲ್ಲಿ ಗುಂಡಿನಾಟದ ಫೈನಲ್. ನಾನಿಲ್ಲದಿದ್ದರೆ ತಂಡವೇ ಇಲ್ಲ. ಗೆಳೆಯರು ಹೊರಗೆ ಬೈಕ್ ಮೇಲೆ ಕಾಯ್ತಿದ್ದಾರೆ. ಇಷ್ಟು ದಿನ ಅವರ ಮಷಿನ್ನಿನಲ್ಲೇ ಆಡ್ತಿದ್ದೆ, ಫೈನಲ್ಲಿಗೆ ನನ್ನದನ್ನೇ ಒಯ್ಯಬೇಕು. ಆದರೆ ಅದರಲ್ಲಿ ಒಂದೇ ಆಟಕ್ಕೆ ಜಾಗ. ಗುಂಡಿನಾಟ ಹಾಕಿದರೆ ಕತೆಯಾಟ ಅಳಿಸಬೇಕು. ಅದು ಮೂರು ಭಾಗದ್ದು. ನಾನೂ ಅಕ್ಕನೂ ಒಂದು ವರ್ಷ ಕೂತು ಎರಡು ಭಾಗ ಮುಗಿಸಿದ್ದೇವೆ. ಅಳಿಸಿದರೆ ನಡೆದ ದಾರಿಯೆಲ್ಲ ಹೋಯಿತು. ಗೆಳೆಯರು ಅದನ್ನು ಅಜ್ಜಿಯರ ಆಟ ಅಂತಾರೆ. ಅಕ್ಕ ನಮ್ಮದನ್ನು ಸೊಳ್ಳೆ ಬ್ಯಾಟಿನ ಆಟ ಅಂತಾಳೆ."

"ಅಳಿಸುವ ವಿಚಾರಕ್ಕೆ ಅಕ್ಕ ಏನೆಂದಳು?"

"ಬೆಳಿಗ್ಗೆ ಏನೋ ಹೇಳೋಕೆ ಬಂದಳು. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿಬಿಟ್ಟೆ."

ಹುಲಿಗೆಪ್ಪ ನಕ್ಕ. ಅವನ ಬಲಗೈ ತೋರುಬೆರಳು ಸುಮ್ಮನಿರಲಾರದೆ ಗಾಳಿಯಲ್ಲೇ ಬಟನ್ ಒತ್ತುತ್ತಿತ್ತು.

ಗುರುಗಳು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಕೂತುಕೋ. ಒಬ್ಬ ಬಳೆ ವ್ಯಾಪಾರಿ ಇದ್ದ," ಎಂದು ಶುರು ಮಾಡಿದರು.

ಬಳೆ ವ್ಯಾಪಾರಿಯ ಕೈ ಬಲು ಚುರುಕು. ಗುಂಡಿನಾಟದಲ್ಲಿ ಅವನನ್ನು ಸೋಲಿಸಿದವರಿಲ್ಲ. ಕಿಟಕಿಯಲ್ಲಿ ನೆರಳಾಡಿತೋ, ಹೊಡೆದ. ಬಾಗಿಲು ಕಿರ್ರೆಂದಿತೋ, ಹೊಡೆದ. ಯಾರೆಂದು ನೋಡಿ ಹೊಡೆಯುವವನು ಆ ಆಟದಲ್ಲಿ ಉಳಿಯುವುದಿಲ್ಲ. ಸತ್ತವರಿಗೂ ಬೇಸರವಿಲ್ಲ. ಹತ್ತು ಎಣಿಸುವಷ್ಟರಲ್ಲಿ ಎದ್ದು, ಮತ್ತೆ ಓಡಿ ಬರುತ್ತಿದ್ದರು.

"ಭಲೇ! ಅಂಥವನು ನಮ್ಮ ತಂಡಕ್ಕೆ ಬೇಕಿತ್ತು!" ಎಂದ ಹುಲಿಗೆಪ್ಪ.

ವ್ಯಾಪಾರಿ ಒಮ್ಮೆ ಕತೆಯಾಟಕ್ಕೆ ಕೈ ಹಾಕಿದ. ಅದೂ ಮೂರು ಭಾಗದ್ದು. ಮೊದಲ ಭಾಗದಲ್ಲಿ ಮಾಡಿದ್ದನ್ನು ಮೂರನೆಯದು ಮರೆಯುವುದಿಲ್ಲ. ಹಿಂದಕ್ಕೆ ಹೋಗಿ ತಿದ್ದುವಂತೆಯೂ ಇಲ್ಲ. ಶುರುವಿಗೇ ಒಂದು ಹೊಳೆ ಅಡ್ಡ ಬಂತು. ದಡದಲ್ಲಿ ಕೂತಿದ್ದ ಅಂಬಿಗ ಇವನನ್ನು ಕಂಡು ಎದ್ದ. "ಬಂದೆಯಾ ತಮ್ಮಾ" ಎನ್ನುತ್ತ ಕಂಬಳಿಯೊಳಗೆ ಕೈ ಹಾಕಿದ. ಮುಂದಿನ ಮಾತು ಹೊರಡಲಿಲ್ಲ. ವ್ಯಾಪಾರಿಯ ಬೆರಳು ಆಗಲೇ ಒತ್ತಿಯಾಗಿತ್ತು.

ಅಂಬಿಗ ಹೊಳೆಗೆ ಬಿದ್ದ. "ಹೆಂಗಿದೆ ಕೈ!" ಎಂದು ವ್ಯಾಪಾರಿ ತೊಡೆ ತಟ್ಟಿಕೊಂಡ. ಹತ್ತು ಎಣಿಸಿದ. ಅಂಬಿಗ ಏಳಲಿಲ್ಲ. ಇಪ್ಪತ್ತು ಎಣಿಸಿದ. ನೀರು ಹರಿಯುತ್ತಲೇ ಇತ್ತು. ಕೊನೆಗೆ ತಾನೇ ಹುಟ್ಟು ಹಾಕಿಕೊಂಡು ಆಚೆ ದಡ ಸೇರಿದ.

ಎರಡನೆಯ ಭಾಗದಲ್ಲಿ ಮೂರು ಹೊಳೆಗಳು. ಮೂರರಲ್ಲೂ ದಾಟಿಸಬೇಕಾಗಿದ್ದವನು ಅದೇ ಅಂಬಿಗ. ವ್ಯಾಪಾರಿ ಈಜಿದ, ಸುತ್ತು ಹಾಕಿ ನಡೆದ, ಅರ್ಧ ಸತ್ತ. ಅಂತೂ ಮೂರನೆಯ ಭಾಗದ ಕೋಟೆ ಬಾಗಿಲಿಗೆ ಬಂದು ನಿಂತ. ವೈರಿಗಳ ದಂಡು ಬೆನ್ನ ಹಿಂದೆಯೇ ಬರುತ್ತಿದೆ. ಬಾಗಿಲು ಕಾಯುವವಳು ಆ ಅಂಬಿಗನ ಮಗಳು. ಅಪ್ಪನಿಗೆ ಏನಾಯಿತೆಂದು ಅವಳಿಗೆ ತಿಳಿಯದು.

"ಅಣ್ಣಾ, ನಿನಗೆ ಕೊಡಲೆಂದು ನಮ್ಮಪ್ಪ ಮೂರು ದಿನ ದಡದಲ್ಲಿ ಕಾದಿದ್ದ. ಕೊಟ್ಟನಾ?" ಎಂದು ಕೇಳಿದಳು.

ಪರದೆಯ ಮೇಲೆ ಎರಡು ಉತ್ತರಗಳು ಮೂಡಿದವು. ಕೊಟ್ಟ. ಕೊಡಲಿಲ್ಲ. ಒಂದನ್ನು ಒತ್ತಬೇಕು. ವ್ಯಾಪಾರಿಯ ಬೆರಳು ಜೀವಮಾನದಲ್ಲಿ ಮೊದಲ ಸಲ ನಿಂತಿತು.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ಜಾಯ್‌ಸ್ಟಿಕ್ ಎತ್ತಿಕೊಂಡು ಉಫ್ ಎಂದು ದೂಳು ಊದಿದರು.

ಹುಲಿಗೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಆಮೇಲೆ? ಬಾಗಿಲು ತೆಗೆದಳಾ? ದಂಡು ಬಂತಾ? ಕೊನೆಗೆ ಯಾವ ಆಟ ಇಟ್ಕೊಂಡ? ಹೇಳಿ ಗುರುಗಳೇ, ಪ್ರಾಣ ಹೋಗ್ತಿದೆ!"

ಹೊರಗೆ ಹಾರ್ನ್ ಕೂಗಿತು. "ಲೇ ಹುಲಿಗ್ಯಾ, ಬಾರಲೇ! ಗುರು ನಿನ್ನ ಜೋಳಿಗೆಗೆ ಹಾಕ್ಕೊಂಡ್ರೇನು?" ಎಂದು ಯಾರೋ ಕಿರುಚಿದರು. ಹುಲಿಗೆಪ್ಪನ ಬೆರಳು ಗಾಳಿಯಲ್ಲಿ ಟಕಟಕ ಆಡುತ್ತಲೇ ಇತ್ತು.

ಗುರುಗಳು ಅದನ್ನೇ ನೋಡುತ್ತ ಹೇಳಿದರು:

"ಆ ಅಂಬಿಗನ ಕಂಬಳಿಯೊಳಗೆ ಏನಿತ್ತು ಅಂತ ನೀನೂ ಕೇಳಲಿಲ್ಲವಲ್ಲ, ಹುಲಿಗೆಪ್ಪ."

ಹಾರ್ನ್ ಮತ್ತೆ ಕೂಗಿತು. ಬೆರಳು ಅಲುಗಲಿಲ್ಲ.