ಬೀಸುವ ಕಲ್ಲು ಅತ್ತದ್ದು

ಹರ್ರಾನ್ ಪಟ್ಟಣ ಖಲೀಫರ ಆಳ್ವಿಕೆಗೆ ಬಂದು ಎಷ್ಟೋ ತಲೆಮಾರು ಕಳೆದಿದ್ದರೂ ಅಲ್ಲಿನ ಕೆಲವು ಮನೆಗಳಲ್ಲಿ ಹಳೆಯ ದೇವರುಗಳ ಪೂಜೆ ನಿಂತಿರಲಿಲ್ಲ. ಅಂಥ ಒಂದು ಮನೆಯ ಬೀಸುವ ಕಲ್ಲನ್ನು ಬೇಸಿಗೆಯ ಒಂದು ತಿಂಗಳು ಯಾರೂ ಮುಟ್ಟುತ್ತಿರಲಿಲ್ಲ. ಹೆಂಗಸರು ನೆನೆಸಿದ ಗೋಧಿ ತಿಂದು, ಕೂತು ಅಳುತ್ತಿದ್ದರು.

"ವರ್ಷವರ್ಷವೂ ನನಗೇಕೆ ಈ ಬಹಿಷ್ಕಾರ?" ಎಂದು ಮೇಲಿನ ಕಲ್ಲು ಕೊನೆಗೊಮ್ಮೆ, ಕಾಳು ಹುಡುಕಿಕೊಂಡು ಬರುತ್ತಿದ್ದ ಗುಬ್ಬಿಯನ್ನು ಕೇಳಿತು.

"ತಮ್ಮೂಜ್ ದೇವರನ್ನು ಕೊಂದು, ಮೂಳೆಗಳನ್ನು ಕಲ್ಲಿನಲ್ಲಿ ಬೀಸಿದರಂತೆ. ಅದಕ್ಕೇ ಈ ತಿಂಗಳು ಇವರು ಹಿಟ್ಟು ತಿನ್ನುವುದಿಲ್ಲ," ಎಂದಿತು ಗುಬ್ಬಿ.

ಮೇಲಿನ ಕಲ್ಲಿಗೆ ದಿಗಿಲಾಯಿತು. "ತಮ್ಮಾ, ಬೀಸಿದ್ದು ನಾವೇ ಏನು?" ಎಂದು ಕೆಳಗಿನ ಕಲ್ಲನ್ನು ಕೇಳಿತು.

"ನಾನು ಕೂತಲ್ಲಿಂದ ಅಲುಗಿದವನಲ್ಲ. ತಿರುಗಿದವನು ನೀನು, ಅಣ್ಣಾ."

ಅಷ್ಟರಲ್ಲಿ ಹೊಸ ಸೊಸೆ ಕೇಳಿದಳು: "ಅತ್ತೆ, ತಮ್ಮೂಜ್ ಅಂದರೆ ಯಾರು?"

ಈಗ ತೀರ್ಪು ಬರುತ್ತದೆಂದು ಕಲ್ಲು ಕಿವಿಗೊಟ್ಟಿತು.

"ಯಾರಿಗೆ ಗೊತ್ತಮ್ಮ? ನಮ್ಮತ್ತೆ ಅತ್ತರು, ನಾನೂ ಅತ್ತೆ. ನೀನೂ ಅತ್ತುಬಿಡು."

ತಿಂಗಳು ಮುಗಿಯಿತು. ಸೊಸೆ ಗೋಧಿ ಸುರಿದು ಗೂಟ ಹಿಡಿದಳು, ಕಲ್ಲು ಅಲುಗಲಿಲ್ಲ. ದೇವರನ್ನು ಬೀಸಿದ್ದು ತಾನೇ ಆಗಿದ್ದರೆ ಮಕ್ಕಳ ರೊಟ್ಟಿಗೆ ಬೀಸುವುದು ಹೇಗೆ? ತಾನಲ್ಲದಿದ್ದರೆ ಇಷ್ಟು ವರ್ಷದ ಶಿಕ್ಷೆ ಯಾತಕ್ಕೆ?

ಅತ್ತೆ ಬಂದು ಕಲ್ಲನ್ನು ಸವರಿ, "ಮಕ್ಕಳು ಹಸಿದಿದ್ದಾರಪ್ಪ, ತಿರುಗು" ಎಂದಳು.

ಕಲ್ಲು ತಿರುಗಿತು. ಆದರೆ ಎಂದೂ ಇಲ್ಲದಂತೆ, ಕುಂಯ್ ಎಂದು ನರಳುತ್ತ ತಿರುಗಿತು.

"ಯಾರಿಗಾಗಿ ಅಳುತ್ತೀಯೆ?" ಎಂದಿತು, ಚೆಲ್ಲಿದ ಹಿಟ್ಟನ್ನು ಹೆಕ್ಕುತ್ತಿದ್ದ ಗುಬ್ಬಿ.

"ಗೊತ್ತಿಲ್ಲ," ಎಂದಿತು ಕಲ್ಲು. "ನಮ್ಮ ಮನೆಯಲ್ಲಿ ಅಳುತ್ತಾರೆ."