ಹೂವಾಡಗಿತ್ತಿ ಕದಲಿಸಿದ ಫ್ರಿಜ್ಜು

"ಬುದ್ಧೀ, ಹಿಡಿದ ಸೇವೆಯನ್ನು ಬಿಟ್ಟರೆ ದೋಷ ತಟ್ಟುತ್ತದೆಯೇ?"

ಕೇಳಿದವನು ಮರುಳಸಿದ್ಧಯ್ಯ. ಮಠದ ದಾಸೋಹದಲ್ಲಿ ಮೂವತ್ತೆರಡು ವರ್ಷದಿಂದ ಬಡಿಸುತ್ತಿದ್ದವನು. ಹಿಂದಿನ ದಿನ ಅವನ ಮಂಡಿ ಸೋತು, ಬಿಸಿ ಸಾರಿನ ಬಕೆಟ್ಟು ಕೈಜಾರಿ ಪಂಕ್ತಿಯ ಪಕ್ಕದಲ್ಲೇ ಬಿದ್ದಿತ್ತು. ಯಾರ ಮೈಮೇಲೂ ಚೆಲ್ಲಲಿಲ್ಲ, ದೊಡ್ಡ ಪುಣ್ಯ. ಆದರೂ ಬಕೆಟ್ಟನ್ನು ಇನ್ನೊಬ್ಬರ ಕೈಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಮೂವತ್ತೆರಡು ವರ್ಷದ ವ್ರತ ಕೆಟ್ಟೀತೆಂಬ ಭಯ.

"ಮೊದಲು ಕೂತ್ಕೊಳ್ಳಯ್ಯಾ. ನೋವು ತಿನ್ನುತ್ತಾ ನಿಂತು ಕೇಳಿದರೆ ಯಾವ ಕತೆಯೂ ತಲೆಗೆ ಹೋಗುವುದಿಲ್ಲ," ಎಂದ ಮಠದ ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಹೂವಾಡಗಿತ್ತಿ. ಹೂ ಕೊಂಡು, ಕಟ್ಟಿ, ಮಾರಿ ಬದುಕುವವಳು. ಅವಳ ಮನೆಯಲ್ಲೊಂದು ಫ್ರಿಜ್ಜು. ಮದುವೆಯಾದ ಮರುವರ್ಷ ಬಂದದ್ದು, ಇಪ್ಪತ್ತನಾಲ್ಕು ವರ್ಷವಾಗಿತ್ತು. ಮಿಕ್ಕವರು ಫ್ರಿಜ್ಜಿನಲ್ಲಿ ಹಾಲು ಮೊಸರು ಇಡುತ್ತಾರೆ, ಅವಳು ಮಲ್ಲಿಗೆ ಮೊಗ್ಗು ಇಡುತ್ತಿದ್ದಳು. ಅವಳ ಅನ್ನವೇ ಅದರೊಳಗಿತ್ತು. ಅದಕ್ಕೇ ಅದಕ್ಕೆ ಪೂಜೆ. ದಿನಾ ಕಟ್ಟಿದ ಮೊದಲ ಗೇಣು ಹೂ ಅದರ ಹಿಡಿಗೆ. ಆಯುಧಪೂಜೆ ಬಂತೆಂದರೆ ವಿಭೂತಿ, ಕುಂಕುಮ, ಆರತಿ ಎಲ್ಲ ಅದಕ್ಕೆ.

ವಸ್ತುವಿಗೂ ಮುಪ್ಪು ಬರುತ್ತದಲ್ಲಯ್ಯಾ! ಫ್ರಿಜ್ಜು ತಣ್ಣಗಾಗುವುದನ್ನೇ ಮರೆಯಿತು. ಸದ್ದು ಮಾತ್ರ ಹೆಚ್ಚಾಯಿತು. ಕರೆಂಟನ್ನು ಬಕಾಸುರನ ಹಾಗೆ ನುಂಗುತ್ತಿತ್ತು, ಸಂಜೆ ಇಟ್ಟ ಮೊಗ್ಗು ಬೆಳಗಾಗುವಷ್ಟರಲ್ಲಿ ಅರಳಿ ಕಂದಿರುತ್ತಿತ್ತು. ಕಾಯಂ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ತಿರುಗಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಹತ್ತೇ ದಿನ. ಹೂ ಮಾರುವವರು ವರ್ಷವೆಲ್ಲ ಕಾಯುವ ಹಬ್ಬ ಅದು. ಆ ಹೂವೂ ಬಾಡಿದರೆ ಅವಳು ಬುಟ್ಟಿ ಬೋರಲು ಹಾಕಿ ಕೂರಬೇಕಿತ್ತು.

ಅಷ್ಟರಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ಕರೆಂಟು ನುಂಗುವ ಹಳೆಯ ಫ್ರಿಜ್ಜು ಕೊಡಿ, ಕಡಿಮೆ ಕರೆಂಟಿನ ಹೊಸದನ್ನು ಅರ್ಧ ಬೆಲೆಗೆ ಪಡೆಯಿರಿ, ಮಿಕ್ಕರ್ಧ ನಮ್ಮದು ಎಂದಿತು. ಹೊಸದನ್ನು ಮಾರುವ ಅಂಗಡಿಯವರೇ ಹಳೆಯದನ್ನು ಒಯ್ದು ಒಡೆದು ಹಾಕುತ್ತಾರೆ. ಹಬ್ಬಕ್ಕೆ ಹಿಂದಿನ ಶುಕ್ರವಾರವೇ ಕೊನೆಯ ದಿನ.

ಹೂವಾಡಗಿತ್ತಿ ಸಂಭ್ರಮದಿಂದ ಹೋಗಿ ಹೆಸರು ಬರೆಸಿದಳು. ಮನೆಗೆ ಬಂದು ಕುಂಕುಮ ಇಟ್ಟ ಆ ಬಾಗಿಲನ್ನು ನೋಡಿದ ಮೇಲೆ ಸಂಕಟ ಶುರುವಾಯಿತು. ಪೂಜೆ ಮಾಡಿದ ಕೈಯಿಂದಲೇ ಸುತ್ತಿಗೆ ಏಟಿಗೆ ಒಪ್ಪಿಸುವುದೇ? ಅದೂ ಶುಕ್ರವಾರ! ಶುಕ್ರವಾರ ಒಂದು ಹಿಡಿ ಉಪ್ಪನ್ನೂ ಹೊರಗೆ ಕೊಡದ ಮನೆ ಅವಳದು. ಹಬ್ಬದ ಹೊಸ್ತಿಲಲ್ಲಿ ಲಕ್ಷ್ಮಿಯನ್ನೇ ಗಾಡಿ ಹತ್ತಿಸಿದಂತಾಗುವುದಿಲ್ಲವೇ?

ಆಗ ಅವಳೊಂದು ಉಪಾಯ ಮಾಡಿದಳು. ಗುಜರಿ ಅಂಗಡಿಯಿಂದ ಕೆಟ್ಟ ಫ್ರಿಜ್ಜೊಂದನ್ನು ತಂದು, ತೊಳೆದು, ಜಗಲಿಯಲ್ಲಿ ನಿಲ್ಲಿಸಿದಳು. ತನ್ನದನ್ನು ಒಳಕೋಣೆಗೆ ತಳ್ಳಿ, ಹೂ ಬಾಡಬಾರದೆಂದು ಅಲ್ಲೇ ಪ್ಲಗ್ಗು ಹಾಕಿ, ಮೇಲೊಂದು ಹಳೆಯ ಸೀರೆ ಹೊದಿಸಿದಳು. ಬಾಣಂತಿಯನ್ನು ಗಾಳಿಗೆ ಬಿಡದೆ ಕೂರಿಸುತ್ತಾರಲ್ಲ, ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಆಳು ಹೊಸ ಫ್ರಿಜ್ಜು ತಂದು ಇಳಿಸಿದ. ಜಗಲಿಯಲ್ಲಿದ್ದುದಕ್ಕೆ ಕರೆಂಟು ಕೊಟ್ಟು ಕಿವಿಗೊಟ್ಟ. ಉಸಿರೇ ಇಲ್ಲ.

"ಇದು ಸತ್ತು ಯಾವ ಕಾಲವಾಯ್ತೋ! ಓಡುತ್ತಿರೋದೇ ಬೇಕಮ್ಮಾ. ಸತ್ತದ್ದು ಕರೆಂಟು ತಿನ್ನುತ್ತಾ? ಇದನ್ನ ಒಯ್ದರೆ ಯಾರಿಗೆ ಏನು ಉಳೀತು?" ಎಂದ. ಎಂದವನೇ ಹೊಸ ಫ್ರಿಜ್ಜನ್ನು ಮತ್ತೆ ಗಾಡಿಗೇರಿಸಿ ಹಗ್ಗ ಬಿಗಿಯತೊಡಗಿದ. ಹೂವಾಡಗಿತ್ತಿಯ ಹಬ್ಬ ಕಣ್ಣೆದುರೇ ಗಾಡಿ ಹತ್ತಿತ್ತು.

ಅದೇ ಹೊತ್ತಿಗೆ ಒಳಕೋಣೆಯಿಂದ ಗುಡುಗುಡು ಸದ್ದು ಬಂತು. ಸೀರೆ ಹೊದಿಸಿದರೆ ಮೈ ಮುಚ್ಚೀತು, ಬಾಯಿ ಮುಚ್ಚೀತೇ? ಆಳು ಒಳಗೆ ಇಣುಕಿ ಸೀರೆ ಸರಿಸಿದ. ಹೂ, ಕುಂಕುಮ ಕಂಡು ಕೈ ಹಿಂದೆ ತೆಗೆದ. ಅವಳ ಮುಖ ಹುಳ್ಳಗಾಯಿತು.

"ಪೂಜೆ ಮಾಡಿದ್ದು ಕಣಣ್ಣಾ. ಒಡೆಯೋಕೆ ಅಂತ ಹೇಗೆ ಕೊಡಲಿ?" ಎಂದಳು.

ಅವನೇನು ಶಾಸ್ತ್ರ ಓದಿದವನಲ್ಲ, ದಿನಾ ಭಾರ ಹೊರುವವನು. "ಗಣಪತಿಗೂ ಪೂಜೆ ಮಾಡ್ತೀರಿ. ಆಮೇಲೆ ನೀರಿಗೆ ಬಿಡಲ್ವೇನಮ್ಮಾ?" ಎಂದ.

"ಬಿಡ್ತೀವಿ. ಹಾಗಂತ ಸುಮ್ಮನೆ ಎತ್ತಿಕೊಂಡು ಹೋಗ್ತೀವಾ? ಅಕ್ಷತೆ ಹಾಕಿ, ಕದಲಿಸಿ, ಆಮೇಲೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಕದಲಿಸುವುದು ನಿನಗೂ ಗೊತ್ತಲ್ಲಯ್ಯಾ. ಪೂಜೆ ಮುಗಿದ ಮೇಲೆ ಮೂರ್ತಿಯನ್ನು ಕೂತ ಜಾಗದಿಂದ ಒಂದು ಬೆರಳಷ್ಟು ಜರುಗಿಸುತ್ತೇವೆ. ಅಲ್ಲಿಗೆ ದೇವರು ಹೊರಟ, ಉಳಿದದ್ದು ಮಣ್ಣು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಆ ಹೊತ್ತಿಗೆ ಅವಳಿಗೆ ಅರ್ಥವಾಯಿತು.

ಮೊಗ್ಗನ್ನೆಲ್ಲ ಬುಟ್ಟಿಗೆ ತೆಗೆದಳು. ಕರ್ಪೂರ ಹಚ್ಚಿ, ನಾಲ್ಕು ಕಾಳು ಅಕ್ಷತೆ ಹಾಕಿದಳು. ಸ್ವಿಚ್ಚನ್ನು ತಾನೇ ಆರಿಸಿದಳು. ಆಮೇಲೆ ಎರಡೂ ಅಂಗೈ ಊರಿ ಫ್ರಿಜ್ಜನ್ನು ಒಂದು ಬೆರಳಷ್ಟು ತಳ್ಳಿ, "ನನ್ನನ್ನ ಸಾಕಿದೆ. ಸಾಕು, ಹೋಗಿ ಬಾ ತಾಯೀ," ಎಂದಳು. ಗುಡುಗುಡು ನಿಂತಿತ್ತು. ಮನೆ ಇಷ್ಟು ಸುಮ್ಮನಿರಬಲ್ಲದು ಎಂಬುದೇ ಅವಳಿಗೆ ಮರೆತುಹೋಗಿತ್ತು. ಅಬ್ಬಾ ಎಂದು ಗೋಡೆಗೊರಗಿದಳು. ಅತ್ತಳು ಕೂಡ. ಆಮೇಲೆ ನೆಲದ ಮೇಲಿದ್ದ ಸೀರೆ ನೋಡಿ ನಗು ತಡೆಯಲಾಗಲಿಲ್ಲ.

ಹಬ್ಬದ ಬೆಳಗ್ಗೆ ಹೊಸ ಫ್ರಿಜ್ಜಿನೊಳಗೆ ಮೊಗ್ಗು ಮೊಗ್ಗಾಗಿಯೇ ಇತ್ತು. ಸೂರ್ಯ ನೆತ್ತಿಗೆ ಬರುವ ಮೊದಲೇ ಅವಳ ಬುಟ್ಟಿ ಖಾಲಿಯಾಯಿತು. ಲಕ್ಷ್ಮಿ ಎಲ್ಲಿಗೂ ಹೋಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧಯ್ಯನ ಮುಖ ಸಡಿಲವಾಗಿತ್ತು, ಕಣ್ಣಲ್ಲಿ ಮಾತ್ರ ಒಂದು ಅಳುಕು ಉಳಿದಿತ್ತು.

"ಹಾಗಾದರೆ ಬುದ್ಧೀ, ಆ ಹಳೇ ಫ್ರಿಜ್ಜಿನ ಹಾಗೆ ನಾನೂ ಗುಜರಿಗೇನಾ?"

ಗುರುಗಳು ಜೋರಾಗಿ ನಕ್ಕರು. "ಫ್ರಿಜ್ಜು ನೀನಲ್ಲವೋ ಹುಚ್ಚಪ್ಪಾ, ನಿನ್ನ ಕೈಯ ಬಕೆಟ್ಟು. ಅದನ್ನು ಕದಲಿಸಿ ಕೊಡು. ನಾಳೆ ಪಂಕ್ತಿಯಲ್ಲಿ ಕೂತ್ಕೋ, ನಾನು ಬಡಿಸುತ್ತೇನೆ."

ಮರುಳಸಿದ್ಧಯ್ಯ ಬಕೆಟ್ಟು ತಂದು ಗುರುಗಳ ಮುಂದಿಟ್ಟು, ಒಂದು ಬೆರಳಷ್ಟು ತಳ್ಳಿದ.